ಕುಣಿಗಲ್ ಹೆಣ್ಣನ್ನು ಮನೆ ತುಂಬಿಸಿದ ಮೇಷ್ಟ್ರು

ನಮ್ಮ ಹೆಡ್ ಆಫೀಸಿನವರಿಗೆ ಸತ್ತವರ ಮೇಲೆ ಬಹಳ ಗೌರವ. ಬದುಕಿದ್ದಾಗ ಕೊಡಬೇಕಾದದ್ದನ್ನೂ ಜೋಪಾನವಾಗಿ ಉಳಿಸಿಟ್ಟು, ಹೋದ ಮೇಲೆ ಒಟ್ಟಿಗೆ ಕೊಡುತ್ತಾರೆ. ಹೋದ ತಿಂಗಳು ಮೇಷ್ಟ್ರು ತೀರಿಕೊಂಡ ಸುದ್ದಿ ಆಫೀಸಿನ ವಾಟ್ಸಾಪ್ ಗುಂಪಿಗೆ ಬಂದಾಗ ಕೈಮುಗಿದ ಚಿತ್ರಗಳು ಸಾಲುಗಟ್ಟಿ ನಿಂತವು. ಅವುಗಳ ನಡುವೆ ಯಾರೋ ಒಬ್ಬರು ಅಭ್ಯಾಸಬಲದಿಂದ ಹುಟ್ಟುಹಬ್ಬದ ಕೇಕು ಹಾಕಿ, ತಕ್ಷಣ ಅಳಿಸಿದರು. ಹಾಗೆ ಅಳಿಸುವುದು ಹೇಗೆಂದು ಅವರಿಗೆ ಹೇಳಿಕೊಟ್ಟವರೂ ಮೇಷ್ಟ್ರೇ.

ಮಾರನೆಯ ದಿನ ಮ್ಯಾನೇಜರ್ ಸಾಹೇಬರ ಫೋನು ಬಂತು.

"ಮೇಡಂ, ನಮ್ಮ ಕಂಪನಿ ಪತ್ರಿಕೆಗೆ ಅವರ ಬಗ್ಗೆ ಒಂದು ಪೇಜು ಬರ್ಕೊಡಿ. ನಿಮ್ಮ ಕನ್ನಡ ಚೆನ್ನಾಗಿದೆ. ಸ್ವಲ್ಪ ಪಾಸಿಟಿವ್ ಆಗಿರ್ಲಿ."

"ಆಗ್ಲಿ ಸಾರ್. ಮೇಲೆ ಅವರ ಪೂರ್ತಿ ಹೆಸರು ಹೇಗೆ ಹಾಕೋಣ?"

"ಫೈಲ್ ನೋಡಿ ಹೇಳ್ತೀನಿ," ಅಂದರು. ಇನ್ನೂ ನೋಡುತ್ತಿದ್ದಾರೆ. ಹೆಸರು ನನಗೆ ಗೊತ್ತು. ಆದರೆ ಹನ್ನೊಂದು ವರ್ಷ ಅವರ ಹೆಸರಿಲ್ಲದೆಯೇ ಕೆಲಸ ಸಾಗಿಸಿದ ಕಂಪನಿಗೆ ಈಗ ಅದನ್ನು ಕೊಡಲು ನನಗೆ ಮನಸ್ಸಿಲ್ಲ. ಎಲ್ಲರೂ ಕರೆಯುತ್ತಿದ್ದಂತೆ ಮೇಷ್ಟ್ರು ಅಂತಲೇ ಕರೆಯುತ್ತೇನೆ.

ನಮ್ಮದು ತೆಂಗಿನ ನಾರಿನ ಕಂಪನಿ. ಕಾಲೊರೆಸುವ ಮ್ಯಾಟು, ಹಗ್ಗ, ಗಿಡದ ಕುಂಡಕ್ಕೆ ಹಾಕುವ ನಾರಿನ ಪುಡಿ, ಹೀಗೆ ಜನ ತುಳಿಯುವ, ಎಳೆಯುವ, ಚೆಲ್ಲುವ ವಸ್ತುಗಳನ್ನೆಲ್ಲ ಮಾಡುತ್ತೇವೆ. ಕಾರ್ಖಾನೆ ಮತ್ತು ಹೆಡ್ ಆಫೀಸು ತುಮಕೂರಿನ ಅಂತರಸನಹಳ್ಳಿಯಲ್ಲಿ. ಗುಬ್ಬಿಯಲ್ಲಿ ಒಂದು ಶಾಖೆ, ಕುಣಿಗಲ್‌ನಲ್ಲಿ ಇನ್ನೊಂದು. ಕುಣಿಗಲ್ ಶಾಖೆಯ ಮುಖ್ಯಸ್ಥೆ ನಾನು. ಮುಖ್ಯಸ್ಥೆ ಅಂದರೆ ದೊಡ್ಡದಾಗಿ ಕೇಳಿಸುತ್ತದೆ. ನನ್ನ ಕೈಕೆಳಗೆ ಇಬ್ಬರು ಗುಮಾಸ್ತರು, ಗಂಗಣ್ಣ ಎಂಬ ಅಟೆಂಡರ್, ಮತ್ತು ಹೆಡ್ ಆಫೀಸಿನವರು ತಮಗೆ ಬೇಡವೆಂದು ಪ್ರೀತಿಯಿಂದ ಕಳಿಸಿಕೊಟ್ಟ ಒಂದೇ ಒಂದು ಕಂಪ್ಯೂಟರ್.

ಈ ಮೂರೂ ಕಡೆಯ ಕಂಪ್ಯೂಟರ್‌ಗಳಿಗೆ ವೈದ್ಯರು, ದಾದಿ, ಆಯಾ ಎಲ್ಲ ಸೇರಿ ಮೇಷ್ಟ್ರು ಒಬ್ಬರೇ. ಮೊದಲು ಗುಬ್ಬಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಟೈಪ್‌ರೈಟರುಗಳ ಕಾಲ ಮುಗಿದಾಗ ಎಲ್ಲರಂತೆ ಶಪಿಸುತ್ತ ಕೂರದೆ, ತಾವೇ ಪುಸ್ತಕ ತಂದು ಓದಿ ಕಂಪ್ಯೂಟರು ಕಲಿತು ನಮ್ಮಲ್ಲಿಗೆ ಬಂದರು. ಕಂಪನಿ ಅವರನ್ನು ತಾತ್ಕಾಲಿಕ ಎಂದು ಸೇರಿಸಿಕೊಂಡಿತು. ನಮ್ಮ ಕಂಪನಿಯಲ್ಲಿ ತಾತ್ಕಾಲಿಕ ಎನ್ನುವುದಕ್ಕಿಂತ ಶಾಶ್ವತವಾದದ್ದು ಇನ್ನೊಂದಿಲ್ಲ.

ಅವರು ಟೈಪು ಮಾಡುವುದನ್ನು ನೋಡಬೇಕಿತ್ತು. ಕಣ್ಣು ಎದುರಿನ ಗೋಡೆಯ ಮೇಲೆ, ಬೆರಳು ಕೀಲಿಮಣೆಯ ಮೇಲೆ, ಸದ್ದು ಪಕ್ಕದ ಬೀದಿಯವರೆಗೆ. ಒಂದು ಸಾಲು ಮುಗಿದ ಕೂಡಲೆ ಎಡಗೈ ತಾನಾಗಿ ಮೇಲೆದ್ದು, ಅಲ್ಲಿಲ್ಲದ ಟೈಪ್‌ರೈಟರಿನ ಸನ್ನೆಕೋಲನ್ನು ಹಿಡಿದು ಬಲಕ್ಕೆ ತಳ್ಳಿ ಬರುತ್ತಿತ್ತು. ಹೊಸದಾಗಿ ನೋಡಿದವರು ನೊಣ ಓಡಿಸುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸ್ಕ್ರೂಡ್ರೈವರ್, ಚೀಲದಲ್ಲಿ ಸ್ಟೀಲಿನ ಟಿಫನ್ ಡಬ್ಬಿ, ಒಂದು ನೀಲಿ ನೋಟ್‌ಬುಕ್ಕು. ಫೋನು ಮಾತ್ರ ಗುಂಡಿ ಒತ್ತುವ ಹಳೆಯದು, ಅದರ ಮುಖ ಗೀರುಬಿದ್ದು ಏನೂ ಕಾಣುತ್ತಿರಲಿಲ್ಲ. "ಮೇಷ್ಟ್ರೇ, ಊರಿಗೆಲ್ಲ ಕಂಪ್ಯೂಟರ್ ರಿಪೇರಿ ಮಾಡ್ತೀರ, ನೀವು ಇಂಥ ಫೋನ್ ಇಟ್ಕೊಂಡಿದೀರಲ್ಲ?" ಎಂದರೆ, "ರಿಪೇರಿ ಮಾಡೋನಿಗೆ ಗೊತ್ತಿರುತ್ತೆ ಮೇಡಂ, ಯಾವ್ದು ಎಷ್ಟು ಕೆಡುತ್ತೆ ಅಂತ," ಎನ್ನುತ್ತಿದ್ದರು.

ನೀಲಿ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ. ತೊಂದರೆ, ಕಾರಣ, ಮಾಡಿದ್ದು. ಪ್ರತಿ ಕೆಲಸಕ್ಕೂ ಒಂದು ಸಾಲು. ತಿಂಗಳ ಕೊನೆಗೆ ಅದನ್ನೇ ಟೈಪು ಮಾಡಿ ಹೆಡ್ ಆಫೀಸಿಗೆ ಕೊಡುತ್ತಿದ್ದರು. ಕಾರಣದ ಕಾಲಂನಲ್ಲಿ ಮನುಷ್ಯರ ಹೆಸರು ಬರದಂತೆ ಅವರು ಪಡುತ್ತಿದ್ದ ಪಾಡು ನನಗೆ ಗೊತ್ತಿದೆ. ಒಮ್ಮೆ ಮ್ಯಾನೇಜರ್ ಸಾಹೇಬರು ನೆಟ್‌ವರ್ಕ್ ಸತ್ತಿದೆ ಎಂದು ಇಡೀ ಅಂತರಸನಹಳ್ಳಿಗೆ ಕೇಳುವಂತೆ ಕೂಗಾಡಿದರು. ಮೇಷ್ಟ್ರು ಹೋಗಿ ಮೇಜಿನ ಕೆಳಗೆ ಬಗ್ಗಿ ನೋಡಿ, "ಸಾರ್, ಬಲಗಾಲು ಸ್ವಲ್ಪ ಎತ್ತಿ," ಅಂದರು. ಸಾಹೇಬರ ಬೂಟು ಕೇಬಲ್ಲನ್ನು ಕಿತ್ತು ಅದರ ಮೇಲೆ ವಿಶ್ರಮಿಸುತ್ತಿತ್ತು. ಆ ದಿನದ ಕಾರಣದ ಕಾಲಂನಲ್ಲಿ, "ಕೇಬಲ್ಲಿನ ಮೇಲೆ ಭಾರ" ಎಂದಿದೆ. ಭಾರದ ಸಂಬಳ ಎಷ್ಟು, ಹುದ್ದೆ ಏನು ಎಂಬುದು ಇಲ್ಲ.

ಯಾರಾದರೂ ಪಾಸ್‌ವರ್ಡ್ ಒತ್ತುವಾಗ ಅವರು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು. ಅದೇ ಪಾಸ್‌ವರ್ಡನ್ನು ನಾವು ದೊಡ್ಡ ಅಕ್ಷರದಲ್ಲಿ ಬರೆದು ಆ ಗೋಡೆಗೇ ಅಂಟಿಸಿರುತ್ತಿದ್ದೆವು. ಆಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಕೆಟ್ಟ ಕಂಪ್ಯೂಟರಿನ ಮುಂದೆ ಕೂತ ಕೂಡಲೆ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, "ಏನಾದ್ರೂ ಮಾಡಿದ್ರಾ?" ಅದಕ್ಕೆ ಮೂರೂ ಊರಿನಲ್ಲಿ ಸಿಗುತ್ತಿದ್ದ ಉತ್ತರ ಒಂದೇ, "ನಾನೇನೂ ಮಾಡಿಲ್ಲ." ಕಂಪ್ಯೂಟರಿಗೆ ಕಾಫಿ ಕುಡಿಸಿದವರೂ ಅದನ್ನೇ ಹೇಳುತ್ತಿದ್ದರು. ಮೇಷ್ಟ್ರು ಯಾರನ್ನೂ ಸುಳ್ಳರೆನ್ನಲಿಲ್ಲ. "ಆಯ್ತು ಬುಡಿ, ಅದೇ ಮಾಡ್ಕೊಂಡಿರುತ್ತೆ," ಎಂದು ಕೆಲಸ ಶುರು ಮಾಡುತ್ತಿದ್ದರು.

ಮೂರು ವರ್ಷದ ಹಿಂದೆ ಹೆಡ್ ಆಫೀಸಿಗೆ ಒಂದು ಹೊಸ ಆಸೆ ಹುಟ್ಟಿತು. ಎಲ್ಲ ಊರಿನ ಕಂಪ್ಯೂಟರುಗಳೂ ಒಂದೇ ಡೊಮೈನ್ ಕೆಳಗೆ ಬರಬೇಕು. ಡೊಮೈನ್ ಎಂದರೇನೆಂದು ಮ್ಯಾನೇಜರ್ ಸಾಹೇಬರು ಅರ್ಧ ಗಂಟೆ ವಿವರಿಸಿದರು. ವಿವರಿಸುವ ಮೊದಲು ನಮಗೆ ಸ್ವಲ್ಪವಾದರೂ ಗೊತ್ತಿತ್ತು. ಆಮೇಲೆ ಟೀ ಬಿಡುವಿನಲ್ಲಿ ಮೇಷ್ಟ್ರು ಹೇಳಿದರು.

"ಕೂಡು ಕುಟುಂಬ ಮೇಡಂ, ಅಷ್ಟೇ. ಅಂತರಸನಹಳ್ಳಿ ಸರ್ವರ್ ಮನೆ ಯಜಮಾನಿ. ನಿಮ್ಮ ಕಂಪ್ಯೂಟರು ಮದ್ವೆ ಆಗಿ ಬರೋ ಹೆಣ್ಣು. ಇಲ್ಲಿಂದ ಅಲ್ಲಿಗೆ ಮನೆ ತುಂಬಿಸ್ಕೋಬೇಕು. ಹೆಣ್ಣಿಗೆ ಆ ಮನೆ ವಿಳಾಸ ಸರಿಯಾಗಿ ಗೊತ್ತಿರ್ಬೇಕು. ಅವಳ ಹೆಸರು ಆ ಮನೇಲಿ ಇನ್ನೊಬ್ಬರಿಗೆ ಇರಬಾರ್ದು. ಬಾಗ್ಲಲ್ಲಿ ಯಜಮಾನಿ ಗುರುತು ಕೇಳಿದ್ರೆ ಹೇಳ್ಬೇಕು. ಹೇಳಿದ್ರೆ, ಬಾಮ್ಮ ಒಳಗೆ ಅಂತಾಳೆ."

ಇದರ ಜೊತೆಗೆ ಇನ್ನೊಂದು ಮಾತೂ ಇತ್ತು, ಅದನ್ನು ಅವರು ನಾಚಿಕೊಂಡೇ ಹೇಳಿದರು. ಮುಂದಿನ ಸೋಮವಾರದೊಳಗೆ, ಅಂದರೆ ಎಂ.ಡಿ. ಸಾಹೇಬರು ಬಂದು ನೋಡುವ ಹೊತ್ತಿಗೆ, ಮೂರೂ ಊರು ಸೇರಿಸಿದರೆ ಅವರ ಕೆಲಸ ಖಾಯಂ. ಫೈಲು ಆಗಲೇ ಮೇಜಿನ ಮೇಲಿತ್ತಂತೆ.

"ಖಾಯಂ ಆದ್ರೆ ಮನೆಯೋರಿಗೂ ಆಸ್ಪತ್ರೆ ಕಾರ್ಡ್ ಕೊಡ್ತಾರೆ ಮೇಡಂ. ನಮ್ಮ ಮನೇಲಿ ಅವ್ರಿಗೆ ಶುಗರ್ ಜಾಸ್ತಿ. ಕಾಲಲ್ಲಿ ಗಾಯ ಆದ್ರೆ ವಾಸಿನೇ ಆಗಲ್ಲ." ಇಷ್ಟು ಹೇಳಿ ಟೀ ಲೋಟ ಕೆಳಗಿಟ್ಟರು. ಹನ್ನೊಂದು ವರ್ಷದಲ್ಲಿ ಅವರು ತಮಗಾಗಿ ಆಡಿದ ಮಾತು ನನಗೆ ತಿಳಿದಂತೆ ಅದೊಂದೇ.

ಅಂತರಸನಹಳ್ಳಿಯ ಕಂಪ್ಯೂಟರುಗಳು ಒಂದು ದಿನದಲ್ಲಿ ಸೇರಿದವು. ಗುಬ್ಬಿಯವು ಅರ್ಧ ದಿನದಲ್ಲಿ. ಮಂಗಳವಾರ ಮೇಷ್ಟ್ರು ಕುಣಿಗಲ್‌ಗೆ ಬಂದರು. ಗುಬ್ಬಿಯಿಂದ ತುಮಕೂರು, ತುಮಕೂರಿನಿಂದ ಕುಣಿಗಲ್, ಎರಡು ಬಸ್ಸು. ಬಂದವರೇ ಕೈತೊಳೆದು, "ಇವತ್ತು ಹೆಣ್ಣನ್ನ ಕಳಿಸ್ಕೊಡಿ ಮೇಡಂ," ಎಂದು ನಗುತ್ತ ಕೂತರು.

ಹೆಣ್ಣು ಹೋಗಲಿಲ್ಲ. ಯಜಮಾನಿ ಬಾಗಿಲಲ್ಲೇ ನಿಲ್ಲಿಸಿ, ಸೇರಿಸಿಕೊಳ್ಳಲು ಸಾಧ್ಯವಿಲ್ಲ ಎಂದಳು. ಮೇಷ್ಟ್ರು ಕೇಬಲ್ ನೋಡಿದರು, ಸರಿಯಾಗಿತ್ತು. ವಿಳಾಸ ನೋಡಿದರು, ಅದೂ ಸರಿ. ಹೆಸರು ಬದಲಿಸಿ ನೋಡಿದರು. ಗುರುತು ಹೇಳಿ, ಅಳಿಸಿ, ಮತ್ತೆ ಹೇಳಿ ನೋಡಿದರು. ಸಂಜೆಯವರೆಗೂ ಅದೇ ಉತ್ತರ.

"ಮೇಡಂ, ಇದ್ರಲ್ಲಿ ಯಾವಾಗ್ಲಾದ್ರೂ ಏನಾದ್ರೂ ಬದಲಾಯಿಸಿದ್ರಾ?"

"ನಾನಾ? ನಾನೇನೂ ಮಾಡಿಲ್ಲ ಮೇಷ್ಟ್ರೇ. ಮುಟ್ಟೋದೇ ಇಲ್ಲ."

ಈಗ ನಮ್ಮ ಗಡಿಯಾರದ ವಿಷಯ ಹೇಳಬೇಕು. ಕುಣಿಗಲ್ ಶಾಖೆಯ ಗೋಡೆ ಗಡಿಯಾರ ಹತ್ತು ನಿಮಿಷ ಮುಂದೆ ಇರುತ್ತದೆ. ನಾನು ಬಂದಾಗಿನಿಂದ ಹಾಗೇ. ನಮ್ಮ ಮನೆಯದೂ ಹಾಗೇ, ನನ್ನ ಕೈಯದೂ ಹಾಗೇ. ನಮ್ಮ ಕಡೆ ಮನೆ ಮನೆಯಲ್ಲೂ ಗಡಿಯಾರ ಹತ್ತು ನಿಮಿಷ ಮುಂದೆ ಓಡುತ್ತದೆ, ಜನ ಮಾತ್ರ ಅರ್ಧ ಗಂಟೆ ತಡವಾಗಿ ಬರುತ್ತಾರೆ. ಶಾಖೆಯಲ್ಲಿ ಇದಕ್ಕೆ ಒಂದು ವಿಶೇಷ ಪ್ರಯೋಜನವಿತ್ತು. ಬೆಳಗ್ಗೆ ಬರುವಾಗ, "ಆ ಗಡಿಯಾರ ಹತ್ತು ನಿಮಿಷ ಮುಂದಿದೆ" ಎಂದು ನಿಧಾನವಾಗಿ ಬರುತ್ತಿದ್ದೆವು. ಸಂಜೆ ಹೋಗುವಾಗ ಅದೇ ಗಡಿಯಾರವನ್ನು ಪೂರ್ತಿ ನಂಬಿ ಎದ್ದು ಹೋಗುತ್ತಿದ್ದೆವು. ಐದೂವರೆಗೆ ತುಮಕೂರಿಗೆ ಒಂದು ಬಸ್ಸು. ಅದು ತಪ್ಪಿದರೆ ಮುಂದಿನದಕ್ಕೆ ಒಂದು ಗಂಟೆ, ಅದರಲ್ಲೂ ನಿಂತೇ ಬರಬೇಕು. ನಮ್ಮ ಗಡಿಯಾರದ ದಯೆಯಿಂದ ನನಗೆ ವರ್ಷಾನುಗಟ್ಟಲೆ ಕಿಟಕಿ ಪಕ್ಕದ ಸೀಟು ಸಿಕ್ಕಿದೆ.

ಕಂಪ್ಯೂಟರು ಬಂದ ಹೊಸತರಲ್ಲಿ ಒಂದು ತೊಡಕಾಯಿತು. ಅದು ಗೋಡೆಗಿಂತ ಹತ್ತು ನಿಮಿಷ ಹಿಂದೆ ತೋರಿಸುತ್ತಿತ್ತು. "ಏನ್ ಮೇಡಂ, ಒಂದೇ ಆಫೀಸಲ್ಲಿ ಎರಡು ಟೈಮೈತೆ?" ಎಂದು ಗಂಗಣ್ಣ ಬಂದವರ ಮುಂದೆಲ್ಲ ಕೇಳತೊಡಗಿದ. ಒಂದು ದಿನ ನಾನೇ ಕೂತು, ಸಮಯವನ್ನು ತಾನಾಗಿ ಸರಿಮಾಡಿಕೊಳ್ಳುವ ಅದರ ದುರಭ್ಯಾಸ ನಿಲ್ಲಿಸಿ, ಕೈಯಾರೆ ಹತ್ತು ನಿಮಿಷ ಮುಂದೆ ತಳ್ಳಿದೆ. ಕಂಪ್ಯೂಟರಿನಲ್ಲಿ ನಾನು ಯಾರ ಸಹಾಯವೂ ಇಲ್ಲದೆ ಮಾಡಿದ ಏಕೈಕ ಕೆಲಸ ಅದು. ಬಹಳ ಹೆಮ್ಮೆಪಟ್ಟಿದ್ದೆ. ಮೇಷ್ಟ್ರು ಕೇಳಿದಾಗ ಅದು ನನಗೆ ನೆನಪಿಗೆ ಬರಲಿಲ್ಲ ಎಂದರೆ ಅರ್ಧ ನಿಜ. ಬಂದಿತ್ತು. ಗಡಿಯಾರಕ್ಕೂ ಡೊಮೈನಿಗೂ ಏನು ಸಂಬಂಧ ಎಂದು ಸುಮ್ಮನಾದೆ.

ಗುರುವಾರ ಅವರು ಮತ್ತೆ ಬಂದರು. ಮತ್ತೆ ಅದೇ ಕೇಬಲ್, ಅದೇ ವಿಳಾಸ, ಅದೇ ಹೆಸರು. ಕೆಲಸದ ಮಧ್ಯೆ ಪರದೆಯ ಮೂಲೆಯ ಸಮಯ ನೋಡುತ್ತಿದ್ದರು, ಗೋಡೆ ನೋಡುತ್ತಿದ್ದರು, ತಮ್ಮ ಕೈಗಡಿಯಾರ ನೋಡುತ್ತಿದ್ದರು. ಮೂರೂ ಒಂದೇ ಹೇಳುತ್ತಿದ್ದವು. ಯಾಕೆಂದರೆ ಮೇಷ್ಟ್ರ ಕೈಗಡಿಯಾರವೂ ಹತ್ತು ನಿಮಿಷ ಮುಂದೆ. ಅವರೂ ಗುಬ್ಬಿಯವರೇ ಅಲ್ಲವೇ, ಅವರಿಗೂ ಬೆಳಗಿನ ಬಸ್ಸು ಹಿಡಿಯುವುದಿತ್ತು.

ಆ ಸಂಜೆ ಮ್ಯಾನೇಜರ್ ಸಾಹೇಬರು ನನಗೆ ಫೋನು ಮಾಡಿ, "ಕುಣಿಗಲ್ ಯಾಕೆ ಪೆಂಡಿಂಗ್? ನೀವು ಕೋಆಪರೇಟ್ ಮಾಡ್ತಿಲ್ವಾ? ರೈಟಿಂಗಲ್ಲಿ ಕೊಡಿ," ಎಂದು ಗದರಿದರು. ನಾನು ಹೆದರಿದೆ. ಹೆದರಿದ ಮನುಷ್ಯರು ಬಹಳ ಒಳ್ಳೆಯ ಭಾಷೆ ಬರೆಯುತ್ತಾರೆ. "ಶಾಖೆಯ ವತಿಯಿಂದ ಸಂಪೂರ್ಣ ಸಹಕಾರ ನೀಡಲಾಗಿದೆ. ಆದಾಗ್ಯೂ ಸಂಬಂಧಪಟ್ಟವರಿಗೆ ಈ ಮಾದರಿಯ ಕೆಲಸದಲ್ಲಿ ಅನುಭವದ ಕೊರತೆ ಇರುವಂತೆ ಕಂಡುಬರುತ್ತದೆ." ಎರಡೇ ವಾಕ್ಯ. ಕಳಿಸಿ, ಐದೂವರೆ ಬಸ್ಸು ಹತ್ತಿದೆ.

ಶನಿವಾರ ಕೊನೆಯ ದಿನ. ಅಂದು ಮೇಷ್ಟ್ರು ಬಂದಾಗ ನಗಲಿಲ್ಲ. ಇವತ್ತು ಆಗದಿದ್ದರೆ ಕೆಲಸ ಬೆಂಗಳೂರಿನ ಏಜೆನ್ಸಿಗೆ, ಖಾಯಂ ಫೈಲು ವಾಪಸ್ಸು ಎಂದು ಸಾಹೇಬರು ಹೇಳಿ ಕಳಿಸಿದ್ದರು. ಡಬ್ಬಿಯನ್ನು ಬಿಚ್ಚದೆ ಮಧ್ಯಾಹ್ನ ಕಳೆದರು. ಸಾಲು ಸಾಲು ಟೈಪು ಮಾಡುತ್ತ, ಎಡಗೈ ಗಾಳಿಯಲ್ಲಿ ತಳ್ಳುತ್ತ, ಅದೇ ಉತ್ತರ ಓದುತ್ತ ಕೂತಿದ್ದರು. ಗೋಡೆಯ ಮೇಲೆ ಐದಕ್ಕೆ ಹತ್ತು ನಿಮಿಷ ಇದ್ದಾಗ ಸ್ಕ್ರೂಡ್ರೈವರನ್ನು ಜೇಬಿಗೆ ಸಿಕ್ಕಿಸಿಕೊಂಡು ಎದ್ದರು.

"ಆಗ್ಲಿಲ್ಲ ಮೇಡಂ. ಐದರ ಬಸ್ಸಿಗಾದ್ರೂ ಹೋಗ್ತೀನಿ."

ಬಾಗಿಲ ಹತ್ತಿರ ಸ್ಟೂಲಿನ ಮೇಲಿದ್ದ ಗಂಗಣ್ಣನಿಗೆ ಅವರ ಮುಖ ನೋಡಿ ಅಯ್ಯೋ ಅನಿಸಿರಬೇಕು. "ಒಸಿ ಕುತ್ಕಳಿ ಸಾ, ಟೀ ತತ್ತೀನಿ. ಬಸ್ಸಿಗಿನ್ನೂ ಟೈಮೈತೆ. ನಮ್ ಗಡಿಯಾರ ಹತ್ ನಿಮಿಷ ಮುಂದೈತೆ," ಅಂದ.

ಮೇಷ್ಟ್ರು ತಮ್ಮ ಮಣಿಕಟ್ಟು ನೋಡಿಕೊಂಡರು. "ನಂದೂ ಅಷ್ಟೇ ತೋರಿಸ್ತಿದೆಯಲ್ಲ ಗಂಗಣ್ಣ..." ಎಂದವರು ಅಲ್ಲಿಗೇ ನಿಂತರು. "ನಂದೂ ಹತ್ತು ನಿಮಿಷ ಮುಂದೇನೇ," ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಬಹಳ ಮೆಲ್ಲಗೆ ಕಂಪ್ಯೂಟರಿನ ಕಡೆ ತಿರುಗಿದರು. ಪರದೆಯ ಮೂಲೆಯಲ್ಲೂ ಐದಕ್ಕೆ ಹತ್ತು.

"ಮೇಡಂ, ನಿಮ್ಮ ಫೋನಲ್ಲಿ ಟೈಮೆಷ್ಟು?"

"ನಾಲ್ಕು ನಲವತ್ತು," ಅಂದೆ. ಬೇರೆ ಏನು ಹೇಳಲಿ.

ಅವರು ಕೂತರು. ಸಮಯವನ್ನು ಹತ್ತು ನಿಮಿಷ ಹಿಂದಕ್ಕೆ ತಂದರು, ಮತ್ತೆ ಗುರುತು ಹೇಳಿದರು, ನಾನು ಉಸಿರು ಬಿಡುವುದರೊಳಗೆ ಸ್ವಾಗತ ಎಂಬ ಮಾತು ಪರದೆಯ ಮೇಲೆ ಬಂತು. ಮೂರು ದಿನ ಬಾಗಿಲಲ್ಲಿ ನಿಂತಿದ್ದ ಹೆಣ್ಣು ಒಳಗೆ ಹೋದಳು.

"ಐದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ರೆ ಯಜಮಾನಿ ನಂಬಲ್ಲ ಮೇಡಂ. ಹಳೇ ಗುರುತು ಕದ್ದು ತಂದವ್ರೆ ಅಂದ್ಕೊತಾಳೆ. ಮುಹೂರ್ತ ನೋಡೋದೇ ಮರೆತುಬುಟ್ಟೆ ನೋಡಿ," ಎಂದು ನಕ್ಕರು. ಮಂಗಳವಾರದ ನಂತರ ಅದೇ ಮೊದಲು ಅವರು ನಕ್ಕದ್ದು. ನನ್ನನ್ನು ಏನೂ ಕೇಳಲಿಲ್ಲ. ತಾನಾಗಿ ಸರಿಮಾಡಿಕೊಳ್ಳುವ ಕಂಪ್ಯೂಟರಿನ ಗಡಿಯಾರ ತಾನಾಗಿ ನಿಲ್ಲುವುದಿಲ್ಲ, ಯಾರೋ ನಿಲ್ಲಿಸಬೇಕು ಎಂಬುದು ಅವರಿಗೆ ಗೊತ್ತಿರದೆ ಇರುತ್ತದೆಯೇ?

ನೀಲಿ ನೋಟ್‌ಬುಕ್ಕು ತೆಗೆದರು.

"ರಿಪೋರ್ಟಲ್ಲಿ ಏನ್ ಬರೀತೀರ ಮೇಷ್ಟ್ರೇ?"

"ಇದ್ದಿದ್ದು ಬರಿಯೋದು."

"ಗಡಿಯಾರದ ವಿಷ್ಯ ಗೊತ್ತಾದ್ರೆ ಇಷ್ಟು ವರ್ಷದ ಹಾಜರಿ ಎಲ್ಲ ಕೆದಕ್ತಾರೆ. ಪಾಪ, ಗಂಗಣ್ಣಂಗೆ ರಿಟೈರ್‌ಮೆಂಟಿಗೆ ಎರಡೇ ವರ್ಷ."

ಗಂಗಣ್ಣನ ಬಗ್ಗೆ ಅಷ್ಟು ಕನಿಕರ ನನಗೆ ಅದಕ್ಕೆ ಮುಂಚೆ ಯಾವತ್ತೂ ಹುಟ್ಟಿರಲಿಲ್ಲ, ಆಮೇಲೂ ಹುಟ್ಟಿಲ್ಲ. ಗಂಗಣ್ಣ ಆಗಲೇ ಗುಡಿಸಿದ್ದ ಜಾಗವನ್ನು ಇನ್ನೊಮ್ಮೆ ಗುಡಿಸುತ್ತಿದ್ದ. ಮೇಷ್ಟ್ರು ಪೆನ್ನು ಕೆಳಗಿಟ್ಟರು. ಆಮೇಲೆ ಕಂಪ್ಯೂಟರು ನಿಲ್ಲಿಸಿ, ಅದರ ಹೊದಿಕೆ ಬಿಚ್ಚಿ, ಒಳಗಿದ್ದ ಬಿಲ್ಲೆಯಂಥ ಪುಟ್ಟ ಬ್ಯಾಟರಿಯನ್ನು ಮೀಟಿ ತೆಗೆದರು. ತಮ್ಮ ಚೀಲದಲ್ಲಿದ್ದ ಹೊಸದೊಂದನ್ನು ಅಲ್ಲಿಟ್ಟರು. ಕಂಪ್ಯೂಟರು ನಿಂತಿದ್ದಾಗಲೂ ಸಮಯ ನೆನಪಿಟ್ಟುಕೊಳ್ಳುವುದು ಅದೇ ಬ್ಯಾಟರಿಯಂತೆ. ಕಾರಣದ ಕಾಲಂನಲ್ಲಿ ಬರೆದರು: "ಒಳಗಿನ ಬ್ಯಾಟರಿ ಸತ್ತು ಸಮಯ ತಪ್ಪಿತ್ತು. ಮೊದಲ ಎರಡು ಭೇಟಿಯಲ್ಲಿ ನಾನು ಗಮನಿಸಲಿಲ್ಲ."

"ನಿಜವಾಗ್ಲೂ ಬ್ಯಾಟರಿ ಸತ್ತಿತ್ತಾ?" ಎಂದು ಕೇಳಿದೆ. ಕೇಳಬಾರದಿತ್ತು.

"ಬ್ಯಾಟರಿ ಸತ್ರೆ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತೆ ಮೇಡಂ. ಸರಿಯಾಗಿ ಹತ್ತು ನಿಮಿಷ ಮುಂದಕ್ಕೆ ಹೋಗಲ್ಲ," ಎಂದು ಆ ಬಿಲ್ಲೆಯನ್ನು ಅಂಗಿ ಜೇಬಿಗೆ ಹಾಕಿಕೊಂಡರು. "ಅದು ಹೆಡ್ ಆಫೀಸಿನೋರಿಗೆ ಗೊತ್ತಾಗಲ್ಲ ಬುಡಿ."

"ನಿಮ್ಗೇನೂ ತೊಂದ್ರೆ ಆಗಲ್ವಾ?"

"ಕೆಲ್ಸ ಆಯ್ತಲ್ಲ. ಒಂದು ಬ್ಯಾಟರಿಗೆ ಯಾರು ಏನ್ ಮಾಡ್ತಾರೆ?"

ಗುರುವಾರ ನಾನು ಕಳಿಸಿದ ಎರಡು ವಾಕ್ಯ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅವರ ಬರಹವನ್ನೂ ನನ್ನ ಬರಹವನ್ನೂ ಪಕ್ಕ ಪಕ್ಕ ಇಟ್ಟರೆ ಏನಾಗುತ್ತದೆಂದು ಆ ಕ್ಷಣದಲ್ಲೇ ಹೊಳೆದಿತ್ತು. ಬಾಯಿ ಬಿಟ್ಟು ಹೇಳಲು ಬೇಕಾದಷ್ಟು ಸಮಯವೂ ಇತ್ತು. ಆದರೆ ಗೋಡೆಯ ಮೇಲೆ ಐದೂವರೆ ಆಯಿತು. ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು.

ಸೋಮವಾರ ಎಂ.ಡಿ. ಬಂದರು, ಮೂರೂ ಊರು ಒಂದೇ ಪರದೆಯ ಮೇಲೆ ಕಂಡವು, ಚಪ್ಪಾಳೆಯಾಯಿತು. ಮ್ಯಾನೇಜರ್ ಸಾಹೇಬರಿಗೆ ಹಾರ ಹಾಕಿದರು. ಆಮೇಲೆ ಫೈಲು ತೆರೆದರು. ಮೇಲೆ ಕುಣಿಗಲ್ ಮುಖ್ಯಸ್ಥೆಯ ಪತ್ರ, ಅನುಭವದ ಕೊರತೆ. ಕೆಳಗೆ ಅಂದೇ ತರಿಸಿಕೊಂಡ ಮೇಷ್ಟ್ರ ನೋಟ್‌ಬುಕ್ಕಿನ ಪುಟ, ಎರಡು ಸಲ ಬಂದರೂ ಗಮನಿಸಲಿಲ್ಲ. ಹೆಡ್ ಆಫೀಸಿನವರು ಅಷ್ಟು ಬೇಗ ತೀರ್ಮಾನ ಮಾಡಿದ್ದನ್ನು ನಾನು ಬೇರೆ ಯಾವ ವಿಷಯದಲ್ಲೂ ಕಂಡಿಲ್ಲ. ಖಾಯಂ ಇಲ್ಲ. ಆರು ತಿಂಗಳಲ್ಲಿ ಕೆಲಸ ಬೆಂಗಳೂರಿನ ಏಜೆನ್ಸಿಗೆ ಹೋಯಿತು. ಈಗ ಕಂಪ್ಯೂಟರು ಕೆಟ್ಟರೆ ಒಂದು ನಂಬರಿಗೆ ಫೋನು ಮಾಡುತ್ತೇವೆ, ಅದು ಸಂಗೀತ ಕೇಳಿಸುತ್ತದೆ. ಮೇಷ್ಟ್ರು ಹೋಗುವ ದಿನ ಒಂದು ಶಾಲು, ಒಂದು ಸೇಬಿನ ಬುಟ್ಟಿ. ಶುಗರ್ ಇರುವವರ ಮನೆಗೆ ಜೊತೆಯಲ್ಲಿ ಒಂದು ಕೆ.ಜಿ. ಮೈಸೂರು ಪಾಕು. ಅಂದು ನಾನೂ ಮಾತಾಡಿದೆ. ಚೆನ್ನಾಗಿ ಮಾತಾಡಿದೆ ಎಂದು ಎಲ್ಲರೂ ಹೇಳಿದರು.

ಆಮೇಲೆ ನಾನು ಅವರನ್ನು ನೋಡಲಿಲ್ಲ. ಗುಬ್ಬಿ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿಗಳ ಕಂಪ್ಯೂಟರು ರಿಪೇರಿ ಮಾಡಿಕೊಂಡಿದ್ದಾರೆ ಎಂದು ಕೇಳಿದ್ದೆ. ಗುಬ್ಬಿ ಏನೂ ದೂರವಲ್ಲ. ಎದುರಿಗೆ ಕೂತರೆ ಯಾವ ಮಾತಿನಿಂದ ಶುರು ಮಾಡಬೇಕೆಂದು ತಿಳಿಯದೆ ಹೋಗಲಿಲ್ಲ. ಹೋದ ತಿಂಗಳು ಎದೆನೋವು ಎಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲವಂತೆ.

ಸಾಹೇಬರ ಫೋನು ಬಂದ ಮೇಲೆ, ಪುಟ ತುಂಬಿಸಲು ನಾಲ್ಕು ವಿಷಯವಾದರೂ ಬೇಕಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡು ಭಾನುವಾರ ಅವರ ಮನೆಗೆ ಹೋದೆ. ಮೇಷ್ಟ್ರ ಹೆಂಡತಿ ಒಂದು ಕಾಲನ್ನು ಮಣೆಯ ಮೇಲಿಟ್ಟುಕೊಂಡು ಕೂತಿದ್ದರು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ಕುಣಿಗಲ್ ಮೇಡಂ ಅಲ್ವಾ? ಬನ್ನಿ ಕುತ್ಕಳಿ. ಬಾಳ ಹೇಳೋರು ನಿಮ್ ವಿಷ್ಯ."

ನನಗೆ ಕೂರಲಾಗಲಿಲ್ಲ. ನಿಂತೇ ಹೇಳಿಬಿಟ್ಟೆ. "ಅಮ್ಮಾ, ಆವತ್ತು ಕಂಪ್ಯೂಟರಿನ ಬ್ಯಾಟರಿ ಕೆಟ್ಟಿರ್ಲಿಲ್ಲ. ಗಡಿಯಾರ ತಿರುಗಿಸಿದ್ದು ನಾನು."

"ಗೊತ್ತು ಕಣಮ್ಮ," ಅಂದರು ಆಕೆ, ಪಾತ್ರೆ ಸರಿಸುವಷ್ಟು ಸಹಜವಾಗಿ. "ಆವತ್ತೇ ಹೇಳಿದ್ರು. ಬಂದೋರೇ ಮನೇಲಿದ್ದ ಗಡಿಯಾರ ಎಲ್ಲಾ ಸರಿ ಮಾಡ್ಬುಟ್ರು. ಒಂದು ನಿಮಿಷಾನೂ ಹಿಂದೆ ಮುಂದೆ ಇರಬಾರ್ದು ಅಂತ. ಆಮೇಲಿಂದ ಎರಡು ದಿನಕ್ಕೊಂದ್ ಸಲ ಬಸ್ಸು ತಪ್ಪಿಸ್ಕೊಳ್ಳೋರು." ಹೇಳುತ್ತ ನಕ್ಕರು.

"ನಾನೊಂದು ಕಾಗದಾನೂ ಬರೆದಿದ್ದೆ ಅಮ್ಮಾ."

"ಅದ್ನೂ ಮ್ಯಾನೇಜರು ತೋರಿಸಿದ್ರಂತೆ. ಓದ್ಕಂಡ್ ಬಂದು, 'ಮೇಡಂ ಕನ್ನಡ ಬಾಳ ಚೆನ್ನಾಗಿ ಬರೀತಾರೆ' ಅಂದ್ರು. ಇನ್ನೇನೂ ಅನ್ನಲಿಲ್ಲ."

ನನಗೆ ಅಳು ಬಂತು. ಆಕೆಗೆ ನನ್ನನ್ನು ಹೇಗೆ ಸಮಾಧಾನ ಮಾಡಬೇಕೆಂದು ತಿಳಿಯಲಿಲ್ಲವೇನೋ, ಪಕ್ಕದ ಗೂಡಿನಿಂದ ಶುಗರ್ ನೋಡುವ ಪುಟ್ಟ ಮಿಷನ್ನು ತೆಗೆದರು. "ನಿಮಗೂ ವಯಸ್ಸಾಯ್ತಲ್ಲ, ಕೈ ಕೊಡಿ, ನೋಡ್ಬುಡಣ," ಎಂದು ನನ್ನ ಬೆರಳು ಹಿಡಿದು ಸೂಜಿ ಚುಚ್ಚಿದರು. ಮಿಷನ್ನು ಕೀ ಎಂದಿತು.

"ಇದ್ರ ಬ್ಯಾಟರಿ ನಿಮ್ ಆಫೀಸಿಂದೇ. ಅವತ್ತು ಜೇಬಲ್ಲಿ ತಂದಿದ್ರು. ಇದ್ರಲ್ಲಿದ್ದಿದ್ದು ಆಗ್ಲೇ ಮುಗಿದೋಗಿತ್ತು, ಹಾಕ್ಕೊಟ್ರು. ಇನ್ನೂ ಓಡ್ತಾನೇ ಐತೆ."

ಸತ್ತಿದೆ ಎಂದು ಲಿಖಿತವಾಗಿ ದಾಖಲಾಗಿರುವ ಬ್ಯಾಟರಿ. ಪರದೆಯ ಮೇಲೆ ನನ್ನ ಸಕ್ಕರೆಯ ಲೆಕ್ಕ, ಅದರ ಮೇಲೆ ಸಣ್ಣಕ್ಷರದಲ್ಲಿ ಸಮಯ, ನಾಲ್ಕು ನಲವತ್ತು. ಫೋನು ತೆಗೆದು ನೋಡಿದೆ, ನಾಲ್ಕು ನಲವತ್ತೇ. ನನ್ನ ಕೈಗಡಿಯಾರದಲ್ಲಿ ಮಾತ್ರ ಐದಕ್ಕೆ ಹತ್ತು.

ಸಾಹೇಬರೇ, ನೀವು ಕೇಳಿದ್ದು ಒಂದು ಪುಟ. ಇದು ಹೆಚ್ಚಾಗಿದೆ, ಪಾಸಿಟಿವ್ ಕೂಡ ಆಗಿಲ್ಲ. ಜಾಗ ಸಾಲದಿದ್ದರೆ ಮೇಲಿನದನ್ನೆಲ್ಲ ಬಿಟ್ಟು, ಕೆಳಗಿನ ಮೂರು ಸಾಲು ಹಾಕಿ. ಅವರ ನೋಟ್‌ಬುಕ್ಕಿನಲ್ಲಿ ಆ ಶನಿವಾರದ ಸಾಲಿನ ಜಾಗಕ್ಕೆ ಇದನ್ನು ಸೇರಿಸಬೇಕೆಂದು ಕೋರುತ್ತೇನೆ. ಆ ಅಮ್ಮನಿಗೆ ಆಸ್ಪತ್ರೆ ಕಾರ್ಡು ತಪ್ಪಿಸಿದ ಖಾಯಂ ಫೈಲಿಗೂ ಇದರದೊಂದು ಪ್ರತಿ ಹಾಕಿ.

ತೊಂದರೆ: ಕುಣಿಗಲ್ ಶಾಖೆಯ ಕಂಪ್ಯೂಟರು ಡೊಮೈನಿಗೆ ಸೇರಲಿಲ್ಲ.

ಕಾರಣ: ಶಾಖೆಯ ಮುಖ್ಯಸ್ಥೆ ಅದರ ಗಡಿಯಾರವನ್ನು ಹತ್ತು ನಿಮಿಷ ಮುಂದೆ ಇಟ್ಟಿದ್ದಳು. ಕೇಳಿದಾಗ ಸುಳ್ಳು ಹೇಳಿದಳು.

ಮಾಡಿದ್ದು: ಮೂರು ವರ್ಷದಿಂದ ನಾನೇನೂ ಮಾಡಿಲ್ಲ.